ಗುಂಡಿ ಹಚ್ಚುವ ಕಳ್ಳ

ಮೊರಬದ ನಮ್ಮ ಓಣಿಯಲ್ಲಿ ಏನಾದರೂ ಕಳುವಾದರೆ ಯಾರೂ ಅಷ್ಟು ಗಾಬರಿಯಾಗುವುದಿಲ್ಲ. ಯಾರು ಒಯ್ದಿರಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಹೋದ ವರ್ಷ ನಮ್ಮಲ್ಲಿ ಉಲ್ಟಾ ಕಳ್ಳತನ ಶುರುವಾಯಿತು.

ನಮ್ಮ ಮನೆಯವರ ಬಿಳಿ ಅಂಗಿಗೆ ಎರಡು ತಿಂಗಳಿಂದ ಒಂದು ಗುಂಡಿ ಇರಲಿಲ್ಲ. ಒಂದು ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಹಿತ್ತಲ ಹಗ್ಗದಿಂದ ಬಟ್ಟೆ ತೆಗೆದರೆ, ಗುಂಡಿ ಇತ್ತು! ಪಾಪ, ತಾವೇ ಹಚ್ಚಿಕೊಂಡಿದ್ದಾರೆಂದು ನಾನು ಕರಗಿ ಬಿಸಿ ಝುಣಕಾ ಮಾಡಿಕೊಟ್ಟೆ. ಹೆಂಡತಿಗೆ ಕಡೆಗೂ ನೆನಪಾಯಿತೆಂದು ಅವರು ಉಂಡ ತಾಟು ತಾವೇ ತೊಳೆದಿಟ್ಟರು. ನಾಲ್ಕು ದಿನ ಸಂಸಾರ ಅಗದಿ ಚೆಂದ ನಡೆಯಿತು. ಐದನೆಯ ದಿನ ಹಚ್ಚಿದ್ದು ಇಬ್ಬರೂ ಅಲ್ಲ ಎಂದು ಗೊತ್ತಾಯಿತು.

ಆಮೇಲೆ ಬಾಜು ಮನೆಯ ಹುಡುಗಿಯ ಯೂನಿಫಾರ್ಮಿನ ಹರಿದ ಕಿಸೆ ಕೂಡಿಕೊಂಡಿತು. ಊರಿನ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ಎದುರು ಮನೆಯ ತಲಾಟಿಯವರ ಪಾಯಜಾಮಕ್ಕೆ ಹೊಸ ಲಾಡಿ ಬಂದು ಕುಳಿತಿತು. ಅಲ್ಲಿಗೆ ಓಣಿ ಎದ್ದು ನಿಂತಿತು.

"ಇದು ಮಾಟ ಐತಿ," ಎಂದರು ತಲಾಟಿಯವರು, ಹಣೆಯ ವಿಭೂತಿ ಸರಿಮಾಡಿಕೊಳ್ಳುತ್ತ. "ಇಲ್ಲಾಂದ್ರ ಪುಕ್ಕಟ ಯಾರ ಮಾಡ್ತಾರ್ರೀ?"

ಬಾಗಿಲಿಗೆಲ್ಲ ನಿಂಬೆಹಣ್ಣು ಬಿದ್ದವು. ಮೊಬೈಲಿನಲ್ಲಿ ಒಂದು ಜಾಗೃತಿ ಗುಂಪು ಹುಟ್ಟಿ, ಅದರಲ್ಲಿ ಎಲ್ಲರೂ ದಿನಾ ಮುಂಜಾನೆ ಹೂವಿನ ಚಿತ್ರ ಹಾಕತೊಡಗಿದರು.

ಒಂದು ಶನಿವಾರ ಶಾಲೆ ಅರ್ಧ ದಿನಕ್ಕೇ ಬಿಟ್ಟಿತ್ತು. ಮನೆಗೆ ಬಂದು ಹಿತ್ತಲಿಗೆ ಹೋದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಿಂದಿನ ಮನೆಯ ಟೇಲರ್ ಕಾಕಾ ಕುಳಿತಿದ್ದರು. ತೊಡೆಯ ಮೇಲೆ ನಮ್ಮ ದಿಂಬಿನ ಚೀಲ, ಹಲ್ಲಿನಲ್ಲಿ ದಾರ. ನಲವತ್ತು ವರ್ಷ ಇಡೀ ಊರಿಗೆ ಬಟ್ಟೆ ಹೊಲಿದವರು.

"ಕಾಕಾರ, ನೀವ?"

"ಬೈಬ್ಯಾಡ್ರಿ ಬಾಯಾರ." ಅವರು ಹಲ್ಲಿನ ದಾರ ಬಿಟ್ಟರು. "ಮಗಾ ಮಶೀನ ಅಟ್ಟಕ್ಕ ಹಾಕ್ಯಾನ. ನಾ ಆಫೀಸ್ನ್ಯಾಗ ಕುಂಡ್ರಾಂವ, ನಮ್ಮಪ್ಪ ಮಂದಿ ಪ್ಯಾಂಟ ಹೊಲಿಯೂದು ಚೊಲೋ ಕಾಣಂಗಿಲ್ಲ ಅಂತಾನ. ಮಾಳಗಿ ಮ್ಯಾಲ ಕುಂತ್ರ ನಿಮ್ಮೆಲ್ಲಾರ ಹಗ್ಗ ಕಾಣತಾವ. ಹರಿದದ್ದು ಕಂಡ ಮ್ಯಾಲ ಬೆರಳು ಸುಮ್ಮನಿರಬೇಕಲ್ಲರೀ?"

"ಅಲ್ರೀ, ತಲಾಟಿಯವರ ಲಾಡಿ?"

"ಅದು ತುಂಡಾಗೂ ಹಂಗ ಇತ್ತರಿ. ಸಂತ್ಯಾಗ ಅವರ ಮರ್ಯಾದಿ ಹೋಗತಿತ್ತು."

ನಕ್ಕುಬಿಟ್ಟೆ. ಅವರು ನಗಲಿಲ್ಲ. ಯಾರಿಗೂ ಹೇಳಬೇಡಿ ಎಂದು ಎರಡು ಸಲ ಹೇಳಿ, ದಾರ ಕಡಿದು, ಗೋಡೆ ಹಿಡಿದು ಹೋದರು.

ಹೇಳಬಾರದೆಂದೇ ಇದ್ದೆ. ಆದರೆ ಮರುದಿನ ತಲಾಟಿಯವರು ಗುಡಿಯ ಕಟ್ಟೆಗೆ ಎಲ್ಲರನ್ನೂ ಕರೆದು, ಮಾಟ ತೆಗೆಯುವವನೊಬ್ಬನನ್ನು ಕರೆಸುವುದಾಗಿ ಸಾರಿದರು. ಆತ ಯಾವ ಬಡಪಾಯಿಯ ಕಡೆ ಬೆರಳು ತೋರಿಸುತ್ತಾನೋ ಎಂಬ ಹೆದರಿಕೆಗೆ ನಾನು ಎದ್ದು ನಿಂತು ಇದ್ದದ್ದನ್ನು ಹೇಳಿಬಿಟ್ಟೆ. ಕಾಕಾ ತಲೆ ತಗ್ಗಿಸಿದರು. ಅವರ ಮಗನ ಮುಖ ಕೆಂಪಗಾಯಿತು.

"ನನಗ ಮೊದಲ ಗೊತ್ತಿತ್ತು," ಎಂದರು ತಲಾಟಿಯವರು.

"ಗೊತ್ತಿದ್ರ ನನ್ನ ಕಡಿಂದ ನಿಂಬಿಹಣ್ಣ ಯಾಕ ಕಟ್ಟಿಸಿದ್ರಿ?" ಎಂದರು ಅವರ ಹೆಂಡತಿ.

ಮರುದಿನ ಮುಂಜಾನೆ ಕಾಕಾನ ಬಾಗಿಲಲ್ಲಿ ಮೊದಲು ನಿಂತವರು ತಲಾಟಿಯವರೇ. ಕೈಯಲ್ಲಿ ಮೂರು ಪ್ಯಾಂಟು. ಜೊತೆಗೆ ಲಾಡಿಯ ಬಣ್ಣ ಕೂಡಲಿಲ್ಲವೆಂಬ ತಕರಾರು. ಅಂಥ ದೊಡ್ಡ ಮನುಷ್ಯರು "ಕಾಕಾರ ಅದಾರೇನ್ರಿ?" ಎಂದು ಹೊಸ್ತಿಲ ಹೊರಗೆ ಕಾಯುವುದನ್ನು ಕಂಡ ಮಗ, ತಾನೇ ಅಟ್ಟ ಹತ್ತಿ ಮಶೀನು ಇಳಿಸಿದ. ಈಗ ಬಂದವರಿಗೆಲ್ಲ, "ನಮ್ಮ ತಂದೆಯವರಿಗೆ ಅದೊಂದು ಹವ್ಯಾಸ," ಎನ್ನುತ್ತಾನೆ.

ನಾನು ಕುಪ್ಪಸ ಕೊಟ್ಟು ಒಂದು ತಿಂಗಳಾಯಿತು. ಕದ್ದು ಹೊಲಿಯುವಾಗ ಬಟ್ಟೆ ಒಣಗುವುದರೊಳಗೆ ಮುಗಿಸುತ್ತಿದ್ದ ಕಾಕಾ ಈಗ ತಲೆ ಕೂಡ ಎತ್ತುವುದಿಲ್ಲ.

"ಶುಕ್ರವಾರ ಬರ್ರಿ ಬಾಯಾರ. ಬರೇ ಗುಂಡಿ ಕಾಜಾ ಉಳದಾವ."