ಹಲವಾಗಲಿಗೆ ಒಯ್ದ ಮನೆ

ಮದುವೆಯಾಗಿ ವರ್ಷ ತುಂಬುವ ಮೊದಲೇ ನನ್ನ ಹೆಂಡತಿಗೆ ಹಲವಾಗಲು ಎಂಬ ಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ನನ್ನ ಫೋಟೋ ಸ್ಟುಡಿಯೋ ಇದ್ದದ್ದು ಕೊಟ್ಟೂರಿನಲ್ಲಿ. ಕ್ಯಾಮೆರಾಕ್ಕೆ ಇನ್ನೂ ರೀಲು ಹಾಕುತ್ತಿದ್ದ ಕಾಲ ಅದು. ಅವಳು ಅಲ್ಲೇ ತುಂಗಭದ್ರಾ ಹೊಳೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಭಾನುವಾರ ಹೋಗೋಣವೆಂದರೆ ಯಾರದೋ ಮದುವೆಯ ಫೋಟೋ ಇರುತ್ತಿತ್ತು. ಬೇರೆಯವರ ಮದುಮಕ್ಕಳನ್ನು ಹತ್ತಿರ ಹತ್ತಿರ ನಿಲ್ಲಿಸುತ್ತಾ ನನ್ನವಳನ್ನು ನೆನೆಯುತ್ತಿದ್ದೆ.

ಒಮ್ಮೆ ಹೋದಾಗ ಅವಳು, “ನಮ್ಮ ಮನಿ ನೆನಪು ಭಾಳ ಬರ್ತೈತ್ರಿ. ಒಂದು ಫೋಟೋ ತಕ್ಕೊಂಡು ಬರ್ರಿ. ಇಡೀ ಮನಿ ಕಾಣಬೇಕು ನೋಡ್ರಿ,” ಅಂದಳು.

ನಮ್ಮದು ಇಕ್ಕಟ್ಟಾದ ಮನೆ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ನನ್ನ ಲೆನ್ಸಿಗೆ ಅರ್ಧವೇ ಸಿಗುತ್ತಿತ್ತು. ಹರಪನಹಳ್ಳಿಯ ಗೆಳೆಯನೊಬ್ಬನ ಬಳಿ ಫಿಶ್‌ಐ ಲೆನ್ಸ್ ಇತ್ತು. ಮೀನಿನ ಕಣ್ಣಿನಂತೆ ಉಬ್ಬಿದ ಗಾಜು. ಕೇಳಿ ತಂದೆ. ಮೂಲೆಯಲ್ಲಿ ನಿಂತು ಕಣ್ಣಿಟ್ಟು ನೋಡಿದರೆ ಒಲೆ, ಸಾಲಾಗಿಟ್ಟ ಕೊಡಗಳು, ಗೂಟಕ್ಕೆ ತೂಗುಹಾಕಿದ್ದ ಅವಳ ಹಸಿರು ಸೀರೆ, ಬಾಗಿಲಾಚೆಯ ಬೀದಿ, ಎಲ್ಲವೂ ಒಮ್ಮೆಗೇ ಕಂಡವು. ಗೋಡೆಗಳು ಮಾತ್ರ ಬಿಲ್ಲಿನಂತೆ ಬಾಗಿದ್ದವು. ಅಷ್ಟು ಚಿಕ್ಕ ಮನೆ ಛತ್ರದಷ್ಟು ದೊಡ್ಡದಾಗಿ ಕಂಡು, ಅದರೊಳಗೆ ನಾನೊಬ್ಬನೇ ಇರುವುದು ಸಹಿಸಲಾಗದಂತಾಯಿತು.

ದಾವಣಗೆರೆಯಲ್ಲಿ ಪ್ರಿಂಟ್ ಹಾಕಿಸಿ ಒಯ್ದೆ. ಅವಳು ಅದರ ಮೇಲೆ ಬೆರಳಾಡಿಸುತ್ತಾ, “ಎಲ್ಲಾ ಐತಿ. ನೀವ ಇಲ್ಲ,” ಎಂದವಳು ತಟ್ಟನೆ ನಕ್ಕಳು. “ಇಲ್ನೋಡ್ರಿ, ಕೆಳಗ ನಿಮ್ಮ ಕಾಲ್ಬೆರಳು!”

ಆ ಲೆನ್ಸು ಫೋಟೋ ತೆಗೆಯುವವನ ಪಾದವನ್ನೂ ಬಿಡುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಅಷ್ಟನ್ನು ಕತ್ತರಿಸಿ ಕೊಡುತ್ತೇನೆಂದೆ.

“ಬ್ಯಾಡ, ಅಷ್ಟಾದ್ರೂ ಇರ್ಲಿ,” ಎಂದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದಳು.

ಕೆಲವು ವರ್ಷಗಳ ಮೇಲೆ ಅವಳಿಗೆ ಕೊಟ್ಟೂರಿನ ಹತ್ತಿರದ ಹಳ್ಳಿಗೆ ವರ್ಗವಾಯಿತು. ಸಾಮಾನು ತರಲು ಹೋದ ದಿನ ಅವಳು ಹೊಳೆದಂಡೆ ಬಿಟ್ಟು ಏಳಲೊಲ್ಲಳು. ಗೆಳೆಯನ ಲೆನ್ಸನ್ನು ಮತ್ತೆ ಕೇಳಿ ತಂದಿದ್ದೆ. ಈ ದಡ, ಆ ದಡ, ಬಂಡೆ, ಆಕಾಶ ಎಲ್ಲ ಸೇರಿಸಿ ಹೊಳೆಯ ಫೋಟೋ ತೆಗೆದೆ. ಮನೆಗೆ ಬಂದ ಮೇಲೆ ಪ್ರಿಂಟ್ ಹಾಕಿಸಿ ಕೊಟ್ಟಾಗ ನೋಡಿ, “ಚಲೋ ಐತ್ರಿ,” ಎಂದು ಟ್ರಂಕಿನೊಳಗೆ ಇಟ್ಟಳು.

ಸಂಜೆ ಹೊಸ್ತಿಲಲ್ಲಿ ನನ್ನ ಪಕ್ಕದಲ್ಲೇ ಕೂತು, “ಈ ಹೊತ್ತಿಗೆ ಅಲ್ಲಿ ತಂಪು ಗಾಳಿ ಬಿಡ್ತಿತ್ತು,” ಅಂದಳು. ನಮ್ಮ ಬೀದಿಯಲ್ಲಿ ಬೇವಿನ ಎಲೆಯೂ ಅಲುಗುತ್ತಿರಲಿಲ್ಲ. ಇಷ್ಟು ವರ್ಷ ಕಾದು ಕರೆತಂದವಳು ಪಕ್ಕದಲ್ಲಿದ್ದರೂ ಅವಳ ಮನಸ್ಸು ಇನ್ನೆಲ್ಲೋ ಇತ್ತು. ಮರುವಾರ ಒಂದು ದಿನದ ಮಟ್ಟಿಗೆ ಸ್ಟುಡಿಯೋಕ್ಕೆ ಬೀಗ ಹಾಕಿ, ಬುತ್ತಿ ಕಟ್ಟಿಕೊಂಡು, ಇಬ್ಬರೂ ಹಲವಾಗಲಿಗೆ ಹೊರಟೆವು.