ಮಾರಮ್ಮನ ಕಣ್ಣಾದ ರೋಮಿನ ಬೆಳ್ಳಿ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಇವತ್ತಿನವರೆಗೂ ಇನ್ನೊಬ್ಬರ ವಸ್ತುವಿಗೆ ಕೈ ಹಾಕಿದವನಲ್ಲ. ಪೂರಿಗಾಲಿಯ ನಮ್ಮ ಗದ್ದೆಯಲ್ಲಿ ಕಬ್ಬಿನ ಕೂಳೆ ಕೀಳುವಾಗ ಮಡಕೆಯೊಂದು ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕಿ ಒಡೆಯಿತು. ಒಳಗೆ ಕಪ್ಪಿಟ್ಟ ಬೆಳ್ಳಿ ಕಾಸು, ಒಂದು ಹಿಡಿಯಷ್ಟು. ಉಜ್ಜಿ ನೋಡಿದರೆ ತಲೆಗೆ ಎಲೆ ಸುತ್ತಿಕೊಂಡ, ಉದ್ದ ಮೂಗಿನ ಗಂಡಸಿನ ಮುಖ.

ಟವೆಲ್ಲಿನಲ್ಲಿ ಕಟ್ಟಿ ಮನೆಗೆ ತಂದೆ. ಅದೇ ತಪ್ಪಾಯಿತು. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಜಗಲಿಯಲ್ಲೇ ಕೂತಿದ್ದಳು. ದಿನ ತುಂಬಿತ್ತು.

"ಬಸ್ರಿ ಇರೋ ಮನೆಗೆ ನಿಧಿ ತಂದಿದ್ದೀಯಲ್ಲಾ, ಬುದ್ಧಿ ಐತಾ ನಿಂಗೆ?" ಅವ್ವ ಎದೆ ಬಡಿದುಕೊಂಡಳು. "ಅದು ಸುಮ್ನೆ ಬರಾಕಿಲ್ಲ ಕಣ್ಲಾ, ಒಂದು ಜೀವ ಕೇಳ್ತದೆ."

"ಸುಮ್ಕಿರವ್ವ, ಯಾವ ಕಾಲದಾಗಿದ್ದೀಯೆ?" ಎಂದು ಜೋರು ಮಾಡಿದೆ. ಆದರೂ ಗಂಟನ್ನು ಮಗಳ ಕಣ್ಣಿಗೆ ಬೀಳದ ಹಾಗೆ ಕೊಟ್ಟಿಗೆಗೆ ಒಯ್ದಿಟ್ಟೆ.

ನಾನು ಮತ್ತೆ ಗದ್ದೆಗೆ ಹೋದ ಹೊತ್ತಿನಲ್ಲಿ ಅವ್ವ, ಮೊಮ್ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ಹರಕೆ ಹೊತ್ತು, ಎರಡು ಕಾಸನ್ನು ಅಕ್ಕಸಾಲಿ ಆಚಾರಿಗೆ ಕೊಟ್ಟು ಕರಗಿಸಿ ಕಣ್ಣು ಮಾಡಿಸಿಬಿಟ್ಟಿದ್ದಳು. ನಮ್ಮ ಕಡೆ ಹರಕೆಗೆ ದೇವರಿಗೆ ಬೆಳ್ಳಿ ಕಣ್ಣು ಒಪ್ಪಿಸುವುದುಂಟು. ಸಂಜೆಗೆಲ್ಲ ಅವು ಮಾರಮ್ಮನ ಮುಖದ ಮೇಲಿದ್ದವು.

ಮಾರನೆಯ ದಿನ ಉಳಿದದ್ದನ್ನು ಮಳವಳ್ಳಿಯ ತಾಲ್ಲೂಕು ಕಚೇರಿಗೆ ಒಯ್ದೆ. ತಹಸೀಲ್ದಾರ್ ಸಾಹೇಬರು ಯಾರಿಗೋ ಫೋಟೋ ಕಳಿಸಿ ಕೇಳಿ, "ರೋಮ್ ಚಕ್ರವರ್ತಿಗಳದಂತೆ ಕಣಯ್ಯಾ, ಎರಡು ಸಾವಿರ ವರ್ಷ ಹಳೇದು" ಎಂದರು. ಆಮೇಲೆ ನನ್ನ ಮುಖ ನೋಡಿದರು. "ಸಿಕ್ಕಿದ್ದು ಇಷ್ಟೇನಾ? ಮುಚ್ಚಿಟ್ರೆ ಜೈಲು."

ಇಷ್ಟೇ ಅಂದರೆ ನಾನು ಕಳ್ಳ. ನಿಜ ಹೇಳಿದರೆ ಅಮ್ಮನವರ ಕಣ್ಣು ಕೀಳುತ್ತಾರೆ, ಅದರ ಶಾಪ ತಟ್ಟುವುದಕ್ಕೆ ಮನೆಯಲ್ಲಿ ತುಂಬು ಬಸುರಿ ಮಗಳಿದ್ದಾಳೆ.

"ಇನ್ನೆರಡಿದ್ವು ಸಾ. ಮಾರಮ್ಮನ ಕಣ್ಣಾಗವೆ. ನಮ್ಮವ್ವ ಮಾಡ್ಸವ್ಳೆ. ಕೀಳೋದಾದ್ರೆ, ನನ್ ಮಗಳ ಹೆರಿಗೆ ಆದ್ಮೇಲೆ ಬನ್ನಿ."

ಸಾಹೇಬರ ಪೆನ್ನು ನಿಂತಿತು. "ಚಕ್ರವರ್ತಿನೇ ಕರಗಿಸಿಬಿಟ್ರಲ್ಲಯ್ಯಾ!" ನಗಲಿಲ್ಲ, ಬೈಯಲೂ ಇಲ್ಲ. ಎಲ್ಲ ಬರೆದುಕೊಂಡು, "ಬಂದು ನೋಡ್ತೀವಿ" ಎಂದರು.

ಮೂರನೆಯ ದಿನ ಮಂಡ್ಯದ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮಗಳು ಚೆನ್ನಾಗಿದ್ದಳು. ಎಲ್ಲರೂ ಕೂಸಿನ ಬಣ್ಣ ನೋಡಿದರು, ಮೂಗು ನೋಡಿದರು. ಅದು ಕಣ್ಣು ಬಿಡುವವರೆಗೂ ನಾನು ಅಲುಗಾಡಲಿಲ್ಲ. ಬಿಟ್ಟಿತು.

ಸಾಹೇಬರ ಜೀಪು ಇನ್ನೂ ಬಂದಿಲ್ಲ. ಗುಡಿಯ ಕಡೆ ಯಾವ ಗಾಡಿ ತಿರುಗಿದರೂ, ಮಾಡುವ ಕೆಲಸ ಬಿಟ್ಟು ಒಳಗೆ ಹೋಗಿ ಕೂಸಿನ ಕಣ್ಣು ನೋಡಿ ಬರುತ್ತೇನೆ.