ಒಳಗಿನಿಂದ ತೆರೆಯುವ ಬಾಗಿಲು

ನಮ್ಮ ಬೀದಿಯ ವೈರಿಂಗ್ ಅಕ್ಕನ ಹೆಸರೆತ್ತಿದರೆ ನನಗೆ ಹೊಟ್ಟೆಯುರಿ. ಮುಚ್ಚಿಡುವುದೇನು? ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ನಾನು ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ಅವಳಿಗೆ ಇಡೀ ದಿನ ಬೇಕು. ಆದರೂ ಜನ ಅವಳನ್ನೇ ಕರೆಯುತ್ತಾರೆ. ಅಕ್ಕನ ಕೈಗುಣ ಒಳ್ಳೇದು ಅನ್ನುತ್ತಾರೆ, ಅದೂ ನನ್ನ ಅಂಗಡಿಯಲ್ಲೇ ಬಲ್ಬು ಕೊಳ್ಳುತ್ತ ನಿಂತು.

ಈಗೀಗ ಎಲ್ಲರಿಗೂ ಫೋನಿನಿಂದಲೇ ಬಾಗಿಲು ಹಾಕಬೇಕು, ಫೋನಿನಿಂದಲೇ ದೀಪ ಆರಿಸಬೇಕು. ಅದಕ್ಕೂ ಅವಳದೊಂದು ಪಟ್ಟು. ಗಂಡನ ಫೋನಿಗೆ ಜೋಡಿಸಿದ್ದನ್ನೆಲ್ಲ ಹೆಂಡತಿಯ ಫೋನಿಗೂ ಜೋಡಿಸಬೇಕು. ಕ್ಯಾಮೆರಾ ಎಲ್ಲೆಲ್ಲಿದೆ ಎಂದು ಮನೆಮಂದಿಗೆಲ್ಲ ತೋರಿಸಬೇಕು. ಬಾಗಿಲಿಗೆ ಒಳಗಡೆಯಿಂದ ಕೈಯಲ್ಲಿ ತಿರುಗಿಸಿ ತೆಗೆಯುವ ಹಿಡಿಕೆ ಇರಲೇಬೇಕು. ಒಪ್ಪದಿದ್ದರೆ ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾಳೆ.

"ಇದೆಲ್ಲ ಹೆಂಗಸರನ್ನ ಬುಟ್ಟಿಗೆ ಹಾಕ್ಕೊಳ್ಳೋ ನಾಟಕ," ಎಂದು ಅವಳ ಮುಖದ ಮೇಲೇ ಹೇಳಿದ್ದೆ.

"ಬಾಗಿಲು ಅಂದ್ಮೇಲೆ ಒಳಗಿರೋರು ತೆಗೆಯೋ ಹಾಗಿರಬೇಕಲ್ಲಪ್ಪ," ಎಂದು ನಕ್ಕಳು. ಆ ನಗು ಕಂಡು ಮೈಯೆಲ್ಲ ಉರಿಯಿತು.

ಹೀಗಿರುವಾಗ ಮೂಲೆಮನೆಯ ಸಾಹೇಬರು ನನ್ನ ಅಂಗಡಿಗೆ ಬಂದರು. ಅವರ ಮುಂಬಾಗಿಲಿಗೆ ಬೀಗ ಕೂರಿಸಿದ್ದವಳು ಅಕ್ಕ.

"ಅವಳು ಮಾಡಿದ್ದು ಸರಿಯಿಲ್ಲ, ನೀವೇ ಬದಲಾಯಿಸಿಕೊಡಿ. ಎಲ್ಲ ನನ್ನ ಫೋನಲ್ಲಿ ಮಾತ್ರ ಇರಲಿ. ಒಳಗಿನ ಹಿಡಿಕೆನೂ ಬೇಡ, ನೋಡಕ್ಕೆ ಚೆನ್ನಾಗಿಲ್ಲ," ಎಂದರು.

ಅವಳು ಮಾಡಿದ್ದು ಸರಿಯಿಲ್ಲ! ಹಾಲು ಕುಡಿದಷ್ಟು ಸಂತೋಷವಾಯಿತು. ಯಾಕೆ, ಏನು ಎಂದು ಕೇಳಲಿಲ್ಲ. ಮೂಲೆಮನೆಗೆ ಹೋಗಿ, ಅವರ ಹೆಂಡತಿ ಪಕ್ಕದಲ್ಲೇ ನಿಂತಿರುವಾಗಲೇ ಅಕ್ಕ ಬಿಗಿದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ, ಹಿಡಿಕೆಯಿದ್ದ ತೂತಿಗೆ ತಗಡು ಹೊಡೆದೆ. ಸೀಟಿ ಹಾಕುತ್ತ ಅಂಗಡಿಗೆ ಮರಳಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಅಂಗಡಿಗೆ ನುಗ್ಗಿದಳು.

"ಮೂಲೆಮನೆ ಆಯಮ್ಮ ಫೋನ್ ಮಾಡಿದ್ರು. ಗಂಡ ಬೆಳಿಗ್ಗೆಯಿಂದ ಒಳಗೇ ಕೂಡಿಹಾಕಿದಾನೆ. ಆಫೀಸಲ್ಲಿ ಕೂತ್ಕೊಂಡೇ ರೂಮ್ ಹೀಟರ್ ಜೋರು ಮಾಡ್ತಾನಂತೆ, ಫ್ಯಾನ್ ಆರಿಸ್ತಾನಂತೆ, ಕ್ಷಮೆ ಕೇಳು ಅಂತ ಗೋಡೆ ಮೇಲಿನ ಸ್ಪೀಕರಲ್ಲಿ ಬೈತಾನಂತೆ. ಪೊಲೀಸರಿಗೂ ಹೇಳಿದೀನಿ. ಬಾ, ನೀನು ಹಾಕಿದ್ದು ನೀನೇ ಬಿಚ್ಚು."

ಓಡಿದೆವು. ಪೊಲೀಸಮ್ಮ ಬಂದು ಬಾಗಿಲ ಮುಂದೆ ನಿಂತಿದ್ದರು. ಹೊರಗಿನಿಂದ ಬೀಗ ಕಳಚಲು ಇಪ್ಪತ್ತು ನಿಮಿಷ ಹಿಡಿಯಿತು. ತೆರೆದಾಗ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಆಯಮ್ಮ ಈಚೆಗೆ ಬಂದವರೇ ಅಕ್ಕನ ಹೆಗಲಿಗೆ ಒರಗಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆಗಲೂ ನನಗೆ ಹೊಟ್ಟೆಯುರಿಯಿತು. ಬಾಗಿಲು ತೆಗೆದವನು ನಾನು, ಅವರು ಒರಗಿದ್ದು ಅವಳಿಗೆ.

ನೀರು ಕುಡಿದು ಸುಧಾರಿಸಿಕೊಂಡು ಆಯಮ್ಮ ನನ್ನ ಕಡೆ ತಿರುಗಿದರು. ಬೈಯಲಿಲ್ಲ.

"ಹಿಡಿಕೆ ತೆಗೀಬೇಡಿ ಅಣ್ಣ ಅಂತ ಅವತ್ತು ಮೆಲ್ಲಗೆ ಹೇಳಿದ್ನಲ್ಲ, ನಿಮಗೆ ಕೇಳಿಸ್ಲಿಲ್ವಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೇಳಿಸ್ತು ತಾಯಿ," ಎಂದೆ.